ಆಟದ ಅಂಗಳದಲ್ಲಿ ಗಾಯ: ಹೊಣೆ ಯಾರದು?

ಕ್ರೀಡೆಯು ಶರೀರಕ್ಕೆ ಬಲವನ್ನೂ ಮನಸ್ಸಿಗೆ ಉಲ್ಲಾಸವನ್ನೂ ನೀಡುತ್ತದೆ. ಮಹಾನಗರಗಳಲ್ಲಿ ವಾಸಿಸುವ ಕುಟುಂಬಗಳಿಗೆ ಮನೆಯ ಮುಂದೆ ಅಂಗಳವಿರುವುದು ಅಪರೂಪ. ಅಲ್ಲಿನ ಮಕ್ಕಳು ಓಡಿಯಾಡಲು ನಗರಪಾಲಿಕೆಯ ಉದ್ಯಾನ, ಸಾರ್ವಜನಿಕ ಮೈದಾನ, ಈಜುಕೊಳ ಮತ್ತು ಕ್ರೀಡಾಂಗಣಗಳನ್ನೇ ಅವಲಂಬಿಸಬೇಕಾಗಿದೆ. ಇಂತಹ ಸ್ಥಳಗಳಲ್ಲಿ ಗಾಯವಾದಾಗ ಬಹುಮಂದಿ ಅದನ್ನು ಹಣೆಬರಹವೆಂದು ಭಾವಿಸಿ ಸುಮ್ಮನಾಗುತ್ತಾರೆ. ಆದರೆ ಪ್ರತಿಯೊಂದು ಗಾಯವೂ ಹಣೆಬರಹವಲ್ಲ.

2025ರ ನವೆಂಬರ್ ತಿಂಗಳಿನಲ್ಲಿ ಹರಿಯಾಣ ರಾಜ್ಯದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಹದಿಹರೆಯದ ಬಾಲಕರು ಬಾಸ್ಕೆಟ್‌ಬಾಲ್ ಕಂಬ ಮೈಮೇಲೆ ಬಿದ್ದು ಮೃತಪಟ್ಟರು. ಒಂದು ದುರ್ಘಟನೆ ಬಹಾದುರ್‌ಗಢದ ಕ್ರೀಡಾಂಗಣದಲ್ಲಿ, ಇನ್ನೊಂದು ರೋಹತಕ್ ಜಿಲ್ಲೆಯ ಗ್ರಾಮವೊಂದರ ಮೈದಾನದಲ್ಲಿ ನಡೆಯಿತು. ಚೆಂಡನ್ನು ಬುಟ್ಟಿಗೆ ಹಾಕಲು ಜಿಗಿಯುವುದು ಆ ಆಟದ ಸಹಜ ಕ್ರಿಯೆ. ಕಂಬ ಕಳಚಿ ಬೀಳುವುದು ಆಟದ ಭಾಗವಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ಪ್ರಸ್ತುತ ಪಾಠದ ವಿಷಯ. ಆಟದಲ್ಲಿ ಅಂತರ್ಗತವಾಗಿರುವ ಅಪಾಯವನ್ನು ಆಟಗಾರನು ಒಪ್ಪಿಕೊಂಡಿರುತ್ತಾನೆ. ಆಟದ ಸ್ಥಳದ ದೋಷದಿಂದ ಉಂಟಾಗುವ ಅಪಾಯವನ್ನು ಆತನು ಒಪ್ಪಿಕೊಂಡಿರುವುದಿಲ್ಲ.

ನಿರ್ಲಕ್ಷ್ಯ ಎಂದರೇನು?

ನಮ್ಮ ದೇಶದಲ್ಲಿ ಕ್ರೀಡಾ ಗಾಯಗಳಿಗೆಂದೇ ರೂಪಿಸಲಾದ ಪ್ರತ್ಯೇಕ ಪರಿಹಾರ ಅಧಿನಿಯಮವಿಲ್ಲ. ಇಂಗ್ಲೆಂಡಿನಲ್ಲಿ ಸ್ಥಳದ ಅಧಿಭೋಗದಾರರ ಹೊಣೆಯನ್ನು ಕುರಿತು 1957ರಲ್ಲಿಯೇ ಕಾಯ್ದೆಯಾಯಿತು; ಅಂತಹ ಕಾಯ್ದೆಯೂ ನಮ್ಮಲ್ಲಿಲ್ಲ. ಆದುದರಿಂದ ನ್ಯಾಯಾಲಯಗಳು 'ಅಪಕೃತ್ಯ' ಅಥವಾ ಟಾರ್ಟ್ ಎಂದು ಕರೆಯಲಾಗುವ ನ್ಯಾಯಶಾಖೆಯ ತತ್ವಗಳನ್ನು, ಅವುಗಳಲ್ಲಿ ಮುಖ್ಯವಾಗಿ ನಿರ್ಲಕ್ಷ್ಯದ ತತ್ವವನ್ನು, ಅನ್ವಯಿಸುತ್ತವೆ.

ನಿರ್ಲಕ್ಷ್ಯವನ್ನು ಸಾಬೀತುಪಡಿಸಲು ಮೂರು ಅಂಶಗಳು ಅವಶ್ಯಕ. ಒಂದು, ಪ್ರತಿವಾದಿಯು ಗಾಯಗೊಂಡವನ ವಿಷಯದಲ್ಲಿ ಎಚ್ಚರಿಕೆ ವಹಿಸಬೇಕಾದ ಕರ್ತವ್ಯ ಹೊಂದಿದ್ದನು. ಎರಡು, ಆ ಕರ್ತವ್ಯವನ್ನು ಆತನು ಪಾಲಿಸಲಿಲ್ಲ. ಮೂರು, ಆ ಲೋಪದಿಂದಲೇ ಹಾನಿ ಸಂಭವಿಸಿತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ದಾವೆ ನಿಲ್ಲುವುದಿಲ್ಲ. ಇದರೊಂದಿಗೆ ಅಪಾಯವನ್ನು ಮುಂದಾಗಿ ಊಹಿಸಬಹುದಾಗಿತ್ತೇ ಎಂಬ ಪ್ರಶ್ನೆಯನ್ನೂ ನ್ಯಾಯಾಲಯ ಕೇಳುತ್ತದೆ.

ಆಟಗಾರನು ಒಪ್ಪಿಕೊಂಡ ಅಪಾಯ

ಸ್ವಇಚ್ಛೆಯಿಂದ ಅಪಾಯಕ್ಕೆ ಸಮ್ಮತಿಸಿದವನು ಅದರಿಂದಾದ ಹಾನಿಗೆ ಪರಿಹಾರ ಕೇಳಲಾರನು ಎಂಬುದು ಬಹು ಹಳೆಯ ನ್ಯಾಯಸೂತ್ರ. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕಿ ಕೀಲು ತಪ್ಪಿದರೆ, ಫುಟ್‌ಬಾಲ್ ಆಟದಲ್ಲಿ ಡಿಕ್ಕಿಯಾಗಿ ಕಾಲು ಮುರಿದರೆ, ಅದು ಸಾಮಾನ್ಯವಾಗಿ ಆಟದ ಅಪಾಯವೇ ಆಗುತ್ತದೆ. 1998ರ ಫೆಬ್ರವರಿಯಲ್ಲಿ ಢಾಕಾ ನಗರದಲ್ಲಿ ಭಾರತದ ಮಾಜಿ ಟೆಸ್ಟ್ ಆಟಗಾರ ರಮಣ್ ಲಾಂಬಾ ಅವರು ಹೆಲ್ಮೆಟ್ ಧರಿಸದೆ ದಾಂಡಿಗನ ಸಮೀಪದಲ್ಲಿ ಕ್ಷೇತ್ರರಕ್ಷಣೆ ಮಾಡುತ್ತಿದ್ದಾಗ ಚೆಂಡು ತಲೆಗೆ ಬಡಿದು ಅಸುನೀಗಿದರು. ಚೆಂಡನ್ನು ಹೊಡೆದ ದಾಂಡಿಗನು ತಪ್ಪು ಮಾಡಿದನೆಂದು ಯಾರೂ ಹೇಳಲಾರರು. ಆತನು ಆಟವನ್ನಷ್ಟೇ ಆಡಿದ್ದನು.

ದಂಡ ಕಾನೂನು ಕೂಡ ಈ ತತ್ವವನ್ನು ಮನ್ನಿಸಿದೆ. ಭಾರತೀಯ ನ್ಯಾಯ ಸಂಹಿತೆ, 2023ರ 25ನೆಯ ಪ್ರಕರಣದ ಪ್ರಕಾರ ಹದಿನೆಂಟು ವರ್ಷ ಮೀರಿದ ವ್ಯಕ್ತಿಯು ಒಪ್ಪಿಕೊಂಡ ಹಾನಿಯು, ಮರಣ ಅಥವಾ ತೀವ್ರ ಗಾಯವನ್ನುಂಟುಮಾಡುವ ಉದ್ದೇಶವಾಗಲಿ ತಿಳಿವಾಗಲಿ ಇಲ್ಲದೆ ಆದದ್ದಾಗಿದ್ದರೆ, ಅಪರಾಧವಾಗುವುದಿಲ್ಲ. ವಿನೋದಕ್ಕಾಗಿ ಕತ್ತಿವರಸೆಯಾಡಲು ಒಪ್ಪಿದ ಇಬ್ಬರಲ್ಲಿ ಒಬ್ಬನು ನಿಯಮಬದ್ಧವಾಗಿ ಆಡುತ್ತಲೇ ಇನ್ನೊಬ್ಬನಿಗೆ ಗಾಯ ಮಾಡಿದರೆ ಅದು ಅಪರಾಧವಲ್ಲವೆಂಬ ದೃಷ್ಟಾಂತವನ್ನು ಶಾಸನವೇ ನೀಡಿದೆ. ಆದರೆ ನಿಯಮಬದ್ಧವಾಗಿ ಎಂಬ ಮಾತನ್ನು ಗಮನಿಸತಕ್ಕದ್ದು. ಆಟದ ನೆಪದಲ್ಲಿ ಉದ್ದೇಶಪೂರ್ವಕವಾಗಿ ಹೊಡೆದವನಿಗೆ ಈ ರಕ್ಷಣೆ ದೊರೆಯುವುದಿಲ್ಲ.

ಪ್ರೇಕ್ಷಕರು ಮತ್ತು ದಾರಿಹೋಕರ ವಿಷಯದಲ್ಲಿ ಎರಡು ಇಂಗ್ಲಿಷ್ ತೀರ್ಪುಗಳು ಪ್ರಸಿದ್ಧವಾಗಿವೆ. ನಮ್ಮ ನ್ಯಾಯಾಲಯಗಳು ಇಂತಹ ತೀರ್ಪುಗಳಿಗೆ ಬದ್ಧವಲ್ಲವಾದರೂ ಅವುಗಳನ್ನು ಮಾರ್ಗದರ್ಶನಕ್ಕಾಗಿ ಪರಿಶೀಲಿಸುತ್ತವೆ. 1930ರ ದಶಕದಲ್ಲಿ ಬ್ರೂಕ್‌ಲ್ಯಾಂಡ್ಸ್ ಮೋಟಾರು ಪಂದ್ಯದ ವೇಳೆ ಕಾರೊಂದು ಕಟಕಟೆ ದಾಟಿ ಪ್ರೇಕ್ಷಕರ ಮೇಲೆ ನುಗ್ಗಿದಾಗ, ಸೂಕ್ತ ಎಚ್ಚರಿಕೆ ವಹಿಸಿದ್ದ ಕ್ಲಬ್ಬನ್ನು ಹೊಣೆ ಮಾಡಲಾಗದೆಂದು ತೀರ್ಪಾಯಿತು. 1951ರ ಇನ್ನೊಂದು ಪ್ರಕರಣದಲ್ಲಿ ಕ್ರಿಕೆಟ್ ಮೈದಾನದಿಂದ ಹೊರಹಾರಿದ ಚೆಂಡು ರಸ್ತೆಯಲ್ಲಿದ್ದ ಮಹಿಳೆಗೆ ತಗುಲಿತ್ತು. ಸುಮಾರು 30 ವರ್ಷಗಳಲ್ಲಿ ಆರೇಳು ಬಾರಿ ಮಾತ್ರ ಚೆಂಡು ಹೀಗೆ ಹೊರಬಿದ್ದಿತ್ತೆಂಬುದನ್ನು ಪರಿಗಣಿಸಿ, ಅಷ್ಟು ವಿರಳವಾದ ಅಪಾಯಕ್ಕೆ ಕ್ಲಬ್ಬು ಹೊಣೆಯಲ್ಲವೆಂದು ನಿರ್ಣಯಿಸಲಾಯಿತು. ದಿನವೂ ಚೆಂಡು ರಸ್ತೆಗೆ ಬೀಳುವ ಮೈದಾನಕ್ಕೆ ಬಲೆ ಕಟ್ಟದಿದ್ದವರು ಈ ತೀರ್ಪಿನ ಆಶ್ರಯ ಪಡೆಯುವುದು ಕಷ್ಟ.

ಸ್ಥಳದ ನಿರ್ವಾಹಕರ ಹೊಣೆ

ಸಾರ್ವಜನಿಕರನ್ನು ಒಂದು ಸ್ಥಳಕ್ಕೆ ಆಹ್ವಾನಿಸಿದವನು ಆ ಸ್ಥಳವನ್ನು ಸಾಕಷ್ಟು ಸುರಕ್ಷಿತವಾಗಿಡಬೇಕು. ಸರ್ಕಾರವಾಗಲಿ ಪಾಲಿಕೆಯಾಗಲಿ ಈ ನಿಯಮಕ್ಕೆ ಹೊರತಲ್ಲ. ಉದ್ಯಾನ ಅಥವಾ ಈಜುಕೊಳವನ್ನು ನಡೆಸುವುದು ಯುದ್ಧ ಹೂಡುವಂತಹ ಸಾರ್ವಭೌಮ ಕಾರ್ಯವಲ್ಲ. ಆದ್ದರಿಂದ ಆ ಕಾರಣಕ್ಕೆ ಹೊಣೆಯಿಂದ ವಿನಾಯಿತಿ ಕೇಳಲು ಅವಕಾಶವಿಲ್ಲ.

ದೆಹಲಿಯ ಚಾಂದನಿ ಚೌಕದಲ್ಲಿದ್ದ ಗಡಿಯಾರ ಗೋಪುರ ಕುಸಿದು ಜನರು ಸತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ಆಧಾರಸ್ತಂಭವಾಗಿದೆ. ಆ ಕಟ್ಟಡಕ್ಕೆ 80 ವರ್ಷ ವಯಸ್ಸಾಗಿತ್ತು. ಬಳಸಿದ್ದ ಗಾರೆಯ ಗುಣವನ್ನು ನೋಡಿದರೆ ಅದರ ಮೇಲಂತಸ್ತಿನ ಸಹಜ ಬಾಳಿಕೆ 40ರಿಂದ 45 ವರ್ಷ ಮಾತ್ರ. ಗೋಪುರ ತಾನಾಗಿ ಕುಸಿದಿತ್ತು. ಅದು ಪಾಲಿಕೆಯ ಸುಪರ್ದಿನಲ್ಲಿತ್ತು. ಇಂತಹ ಸಂದರ್ಭದಲ್ಲಿ ಘಟನೆಯೇ ನಿರ್ಲಕ್ಷ್ಯಕ್ಕೆ ಸಾಕ್ಷಿ ನುಡಿಯುತ್ತದೆ, ನಿರ್ಲಕ್ಷ್ಯವಿರಲಿಲ್ಲವೆಂದು ತೋರಿಸುವ ಭಾರ ಪಾಲಿಕೆಯ ಮೇಲಿದೆ ಎಂದು ನ್ಯಾಯಾಲಯ ಹೇಳಿತು. ದೋಷ ಕಣ್ಣಿಗೆ ಕಾಣುತ್ತಿರಲಿಲ್ಲವೆಂಬ ಸಮಾಧಾನವನ್ನು ಅದು ಒಪ್ಪಲಿಲ್ಲ. ತುಕ್ಕು ಹಿಡಿದ ಉಯ್ಯಾಲೆಯ ಸರಪಳಿ, ಬುಡ ಸಡಿಲವಾದ ಕಂಬ, ಕುಸಿಯುವ ಪ್ರೇಕ್ಷಕರ ಮೆಟ್ಟಿಲುಸಾಲು ಇವುಗಳಿಗೂ ಇದೇ ತರ್ಕ ಒಪ್ಪುತ್ತದೆ.

ಆದರೆ ಹೊಣೆಗೆ ಮಿತಿಯೂ ಉಂಟು. ರಾಜಕೋಟದಲ್ಲಿ 1975ರಲ್ಲಿ ರಸ್ತೆಬದಿಯ ಮರವೊಂದು ಉರುಳಿ ದಾರಿಹೋಕರೊಬ್ಬರು ತೀರಿಕೊಂಡಾಗ, ಆ ಅಪಾಯವನ್ನು ಮುಂಚಿತವಾಗಿ ಕಾಣಲು ಕಾರಣವಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಪಾಲಿಕೆಯನ್ನು ಹೊಣೆಯಿಂದ ಮುಕ್ತಗೊಳಿಸಿತು. ಎರಡೇ ವರ್ಷಗಳ ನಂತರ, 1999ರಲ್ಲಿ, ದೆಹಲಿಯಲ್ಲಿ ಒಣಗಿದ ಮರದ ಕೊಂಬೆ ಮುರಿದು ಸ್ಕೂಟರ್ ಸವಾರರೊಬ್ಬರು ಸತ್ತ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಪಾಲಿಕೆಯನ್ನು ಹೊಣೆ ಮಾಡಿತು. ಎರಡೂ ಕಡೆ ಬಿದ್ದದ್ದು ಮರವೇ. ಒಂದು ಅನಿರೀಕ್ಷಿತ, ಇನ್ನೊಂದು ಒಣಗಿ ನಿಂತು ಅಪಾಯವನ್ನು ಸಾರುತ್ತಿತ್ತು. ಈ ಕಾರಣದಿಂದಲೇ, ದೋಷ ಕಂಡ ನಾಗರಿಕರು ಅದನ್ನು ಲಿಖಿತವಾಗಿ ತಿಳಿಸುವುದು ಬಹುಮುಖ್ಯ. ಲಿಖಿತ ದೂರು ತಲುಪಿದ ಬಳಿಕ, ಅಪಾಯ ತಿಳಿದಿರಲಿಲ್ಲವೆಂದು ವಾದಿಸಲು ಅಧಿಕಾರಿಗಳಿಗೆ ಹೆಚ್ಚಿನ ಅವಕಾಶ ಉಳಿಯುವುದಿಲ್ಲ.

ಈಜುಕೊಳಗಳ ವಿಷಯದಲ್ಲಿ ಎರಡು ಪ್ರಕರಣಗಳನ್ನು ಹೋಲಿಸಿ ನೋಡಬಹುದು. 1972ರಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರ ಈಜುಕೊಳಕ್ಕೆ ಧುಮುಕಿದ ವಿದೇಶಿ ಅತಿಥಿಯೊಬ್ಬರ ತಲೆ ಕೊಳದ ತಳಕ್ಕೆ ಬಡಿದು ಅವರು ಪಾರ್ಶ್ವವಾಯು ಪೀಡಿತರಾದರು. ಧುಮುಕುವ ಹಲಗೆಯಿದ್ದ ಕಡೆ ನೀರಿನ ಆಳ ಸಾಲದಾಗಿತ್ತೆಂದು ಕಂಡುಕೊಂಡ ದೆಹಲಿ ಉಚ್ಚ ನ್ಯಾಯಾಲಯದ ಏಕ ನ್ಯಾಯಾಧೀಶ ಪೀಠವು 1997ರಲ್ಲಿ 50 ಲಕ್ಷ ರೂಪಾಯಿಗಳ ಪರಿಹಾರ ವಿಧಿಸಿತು. ಆ ವೇಳೆಗೆ ಗಾಯಾಳು ತೀರಿಕೊಂಡು ಹಲವು ವರ್ಷಗಳಾಗಿದ್ದವು. ಡಿಕ್ರಿಯೂ ಮುಂದೆ ಮೇಲ್ಮನವಿಯಲ್ಲಿ ಉಳಿಯಲಿಲ್ಲ. ಆದಾಗ್ಯೂ ಕೊಳದ ವಿನ್ಯಾಸದೋಷದ ಬಗ್ಗೆ ಅಲ್ಲಿ ನಡೆದ ವಿಚಾರಣೆ ಗಮನಾರ್ಹ. ಇದಕ್ಕೆ ಪ್ರತಿಯಾಗಿ, ಇಂಗ್ಲೆಂಡಿನ ಸಾರ್ವಜನಿಕ ಉದ್ಯಾನದ ಕೆರೆಯೊಂದರಲ್ಲಿ ಈಜು ನಿಷೇಧದ ಫಲಕವಿದ್ದರೂ ಆಳವಿಲ್ಲದ ನೀರಿಗೆ ಧುಮುಕಿ ಕುತ್ತಿಗೆ ಮುರಿದುಕೊಂಡ 18 ವರ್ಷದ ಯುವಕನಿಗೆ ಪರಿಹಾರ ಸಲ್ಲದೆಂದು ಅಲ್ಲಿನ ಅತ್ಯುನ್ನತ ಪೀಠವು 2003ರಲ್ಲಿ ತೀರ್ಮಾನಿಸಿತು. ಹಲಗೆ ಕಟ್ಟಿ ಧುಮುಕಲು ಆಹ್ವಾನಿಸಿದವನು ಬೇರೆ. ಧುಮುಕಬೇಡವೆಂದು ತಿಳಿಸಿದವನು ಬೇರೆ.

ಮಕ್ಕಳ ವಿಷಯದಲ್ಲಿ ಅಧಿಕ ಎಚ್ಚರಿಕೆ

ಮಕ್ಕಳಿಂದ ವಯಸ್ಕರ ವಿವೇಚನೆಯನ್ನು ಕಾನೂನು ನಿರೀಕ್ಷಿಸುವುದಿಲ್ಲ. ಗ್ಲಾಸ್ಗೋ ನಗರದ ಸಾರ್ವಜನಿಕ ಸಸ್ಯೋದ್ಯಾನದಲ್ಲಿ ಏಳು ವರ್ಷದ ಬಾಲಕನೊಬ್ಬ ಆಕರ್ಷಕವಾಗಿ ಕಾಣುತ್ತಿದ್ದ ವಿಷದ ಹಣ್ಣುಗಳನ್ನು ತಿಂದು ಸತ್ತನು. ಮಕ್ಕಳು ಬರುವ ಸ್ಥಳದಲ್ಲಿ ಅವರನ್ನು ಸೆಳೆಯುವಂತಹ ಅಪಾಯವನ್ನಿಟ್ಟು, ಬೇಲಿಯನ್ನೂ ಹಾಕದೆ ಎಚ್ಚರಿಕೆಯನ್ನೂ ನೀಡದಿದ್ದರೆ ಪಾಲಿಕೆಯ ವಿರುದ್ಧ ದಾವೆ ಹೂಡಬಹುದೆಂದು 1922ರಲ್ಲಿ ತೀರ್ಪಾಯಿತು.

ಮಕ್ಕಳನ್ನು ಕರೆದೊಯ್ಯುವವರ ಹೊಣೆಯೂ ಕಡಮೆಯದಲ್ಲ. 1995ರಲ್ಲಿ ಶಾಲಾ ವನವಿಹಾರಕ್ಕೆ ಹೋಗಿದ್ದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಮಕ್ಕಳ ಮೇಲ್ವಿಚಾರಣೆಯಲ್ಲಿ ಶಿಕ್ಷಕರು ತೋರಿದ ನಿರ್ಲಕ್ಷ್ಯಕ್ಕೆ ಶಾಲೆಯ ಆಡಳಿತವೂ ಹೊಣೆಯೆಂದು ಎಣಿಸಿ, ಪ್ರತಿ ಮಗುವಿನ ಪೋಷಕರಿಗೆ 5 ಲಕ್ಷ ರೂಪಾಯಿಗಳ ಪರಿಹಾರ ನೀಡಬೇಕೆಂಬ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಎತ್ತಿಹಿಡಿಯಿತು.

ಗುತ್ತಿಗೆ ಮತ್ತು ಎಚ್ಚರಿಕೆಯ ಫಲಕ

ಇತ್ತೀಚೆಗೆ ಅನೇಕ ಪಾಲಿಕೆಗಳು ಈಜುಕೊಳ, ದೋಣಿವಿಹಾರ ಮುಂತಾದವುಗಳನ್ನು ಖಾಸಗಿ ಗುತ್ತಿಗೆದಾರರಿಗೆ ವಹಿಸುತ್ತಿವೆ. 2024ರ ಜನವರಿ 18ರಂದು ವಡೋದರಾ ನಗರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಶಾಲಾ ಮಕ್ಕಳೂ ಇಬ್ಬರು ಶಿಕ್ಷಕಿಯರೂ ಮೃತಪಟ್ಟರು. ಆ ವಿಹಾರತಾಣವನ್ನು ಗುತ್ತಿಗೆಯ ಮೇಲೆ ನಡೆಸಲಾಗುತ್ತಿತ್ತು. ಗುಜರಾತ್ ಉಚ್ಚ ನ್ಯಾಯಾಲಯವು ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೊಂಡು, ಗುತ್ತಿಗೆದಾರನ ಜೊತೆಗೆ ಪಾಲಿಕೆಯ ನಡೆಯನ್ನೂ ಪರಿಶೀಲಿಸಿತು. ಗುತ್ತಿಗೆ ನೀಡಿದ ಮಾತ್ರಕ್ಕೆ ಯೋಗ್ಯ ಗುತ್ತಿಗೆದಾರನನ್ನು ಆರಿಸುವ ಮತ್ತು ಆತನ ಕೆಲಸವನ್ನು ತಪಾಸಣೆ ಮಾಡುವ ಹೊಣೆ ಪಾಲಿಕೆಗೆ ತಪ್ಪುವುದಿಲ್ಲ. ಆದುದರಿಂದ ದಾವೆ ಹೂಡುವಾಗ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ಕ್ಷೇಮಕರ.

'ಸ್ವಂತ ಹೊಣೆಯ ಮೇಲೆ ಪ್ರವೇಶಿಸಿ' ಎಂಬ ಫಲಕವನ್ನು ಅನೇಕ ಕಡೆ ಕಾಣುತ್ತೇವೆ. ಟಿಕೇಟಿನ ಹಿಂಬದಿಯಲ್ಲಿಯೂ ಇಂತಹ ಷರತ್ತು ಅಚ್ಚಾಗಿರುತ್ತದೆ. ಸಹಜ ಅಪಾಯದ ಬಗ್ಗೆ ನಿಜವಾದ ಎಚ್ಚರಿಕೆ ನೀಡುವ ಫಲಕಕ್ಕೆ ಬೆಲೆಯಿದೆ. ಆದರೆ ತನ್ನ ನಿರ್ಲಕ್ಷ್ಯಕ್ಕೆ ತಾನೇ ಹೊಣೆಯಲ್ಲವೆಂದು ಬರೆದುಕೊಳ್ಳುವುದನ್ನು ನ್ಯಾಯಾಲಯಗಳು ಸುಲಭವಾಗಿ ಮನ್ನಿಸುವುದಿಲ್ಲ. ಬಟ್ಟೆ ಒಗೆಯುವ ಅಂಗಡಿಯ ರಸೀತಿಯಲ್ಲಿ ಮುದ್ರಿತವಾಗಿದ್ದ, ನಷ್ಟವಾದರೆ ಅರ್ಧ ಬೆಲೆ ಮಾತ್ರ ಕೊಡಲಾಗುವುದೆಂಬ ಷರತ್ತನ್ನು ಮದರಾಸು ಉಚ್ಚ ನ್ಯಾಯಾಲಯವು 1960ರ ದಶಕದಲ್ಲಿಯೇ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ತಿರಸ್ಕರಿಸಿತು. ಸೀರೆಯ ವಿಷಯದಲ್ಲಿಯೇ ಇಷ್ಟು ಕಟ್ಟುನಿಟ್ಟಾದ ನ್ಯಾಯವು ಪ್ರಾಣದ ವಿಷಯದಲ್ಲಿ ಸಡಿಲವಾಗಲು ಕಾರಣವಿಲ್ಲ.

ಪರಿಹಾರದ ಮಾರ್ಗಗಳು

1. ಸಿವಿಲ್ ದಾವೆ: ಚಿಕಿತ್ಸಾ ವೆಚ್ಚ, ಗಳಿಕೆಯ ನಷ್ಟ, ಯಾತನೆ ಹಾಗೂ ಅಂಗವೈಕಲ್ಯಕ್ಕಾಗಿ ನಷ್ಟಪರಿಹಾರ ಕೇಳಬಹುದು. ಗಾಯಾಳುವಿನ ತಪ್ಪೂ ಸೇರಿದ್ದರೆ ಪರಿಹಾರದ ಮೊತ್ತ ಆ ಪ್ರಮಾಣದಲ್ಲಿ ಇಳಿಯುತ್ತದೆ. ಮರಣ ಸಂಭವಿಸಿದ್ದರೆ 1855ರ ಮಾರಕ ಅಪಘಾತಗಳ ಅಧಿನಿಯಮದ ಮೇರೆಗೆ ಪತಿ ಅಥವಾ ಪತ್ನಿ, ತಂದೆ ತಾಯಿ ಮತ್ತು ಮಕ್ಕಳ ಪ್ರಯೋಜನಕ್ಕಾಗಿ ದಾವೆ ಹೂಡಬಹುದು. ನ್ಯಾಯಾಲಯ ಶುಲ್ಕ ತೆರಲಾರದವರು ನಿರ್ಗತಿಕರೆಂದು ದಾವೆ ಹೂಡಲು ಅನುಮತಿ ಕೋರಬಹುದು.

2. ಗ್ರಾಹಕರ ಆಯೋಗ: ಟಿಕೇಟು ಅಥವಾ ಸದಸ್ಯತ್ವ ಶುಲ್ಕ ತೆತ್ತು ಸೇವೆ ಪಡೆದವರು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಉಚಿತ ಪ್ರವೇಶವಿರುವ ಉದ್ಯಾನಕ್ಕೆ ಈ ಮಾರ್ಗ ಅನ್ವಯಿಸುವುದಿಲ್ಲ. ಅಲ್ಲಿ ಸಿವಿಲ್ ದಾವೆಯೇ ದಾರಿ.

3. ದಂಡ ಕ್ರಮ: ದುಡುಕು ಅಥವಾ ನಿರ್ಲಕ್ಷ್ಯದಿಂದ ಮರಣವನ್ನುಂಟುಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದ ಪ್ರಕಾರ 5 ವರ್ಷಗಳವರೆಗೆ ಕಾರಾವಾಸವನ್ನೂ ಜುಲ್ಮಾನೆಯನ್ನೂ ವಿಧಿಸಬಹುದು. ಗಾಯಗಳಿಗೆ 125ನೆಯ ಪ್ರಕರಣ ಅನ್ವಯಿಸುತ್ತದೆ. 2024ರ ಜುಲೈ 1ಕ್ಕೆ ಮೊದಲಿನ ಘಟನೆಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ.

4. ಉಚ್ಚ ನ್ಯಾಯಾಲಯದ ರಿಟ್: ಸಾರ್ವಜನಿಕ ಪ್ರಾಧಿಕಾರದ ಲೋಪ ನಿರ್ವಿವಾದವಾಗಿದ್ದು ಜೀವಿಸುವ ಹಕ್ಕಿಗೆ ಭಂಗ ಬಂದಿದ್ದರೆ ಸಂವಿಧಾನದ 226ನೆಯ ಅನುಚ್ಛೇದದ ಮೇರೆಗೆ ಪರಿಹಾರ ಕೋರಬಹುದು. ಸಂಗತಿಗಳೇ ವಿವಾದಾಸ್ಪದವಾಗಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತೆ ಉಚ್ಚ ನ್ಯಾಯಾಲಯ ಸಾಮಾನ್ಯವಾಗಿ ಸೂಚಿಸುತ್ತದೆ.

ಕಾಲಮಿತಿ: ವಿಳಂಬ ಸಲ್ಲದು

ನ್ಯಾಯಯುತವಾದ ಹಕ್ಕು ಕೂಡ ವಿಳಂಬದಿಂದ ಕೈತಪ್ಪಬಹುದು. ಗಾಯದ ನಷ್ಟಪರಿಹಾರದ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಾವಧಿಯಿದೆ. ಮಾರಕ ಅಪಘಾತಗಳ ಅಧಿನಿಯಮದ ದಾವೆಗೆ ಮರಣದ ದಿನದಿಂದ 2 ವರ್ಷ. ಗ್ರಾಹಕರ ದೂರಿಗೂ 2 ವರ್ಷ. ಸರ್ಕಾರದ ವಿರುದ್ಧ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಪ್ರಕರಣದಂತೆ 2 ತಿಂಗಳ ನೋಟೀಸು ನೀಡಬೇಕು.

ಪಾಲಿಕೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ದೆಹಲಿ ನಗರಪಾಲಿಕೆಯ 1957ರ ಅಧಿನಿಯಮವು 2 ತಿಂಗಳ ನೋಟೀಸನ್ನೂ, ಮುಂಬಯಿ ನಗರಪಾಲಿಕೆಯ 1888ರ ಅಧಿನಿಯಮವು 1 ತಿಂಗಳ ನೋಟೀಸನ್ನೂ ವಿಧಿಸಿವೆ. ಎರಡೂ ಅಧಿನಿಯಮಗಳು ತಮ್ಮ ಮೇರೆಗೆ ನಡೆದ ಕಾರ್ಯಗಳ ಬಗೆಗಿನ ದಾವೆಗೆ 6 ತಿಂಗಳ ಗಡುವನ್ನು ಹೇಳುತ್ತವೆ. ಪ್ರತಿಯೊಂದು ನಿರ್ಲಕ್ಷ್ಯದ ದಾವೆಗೂ ಈ ಗಡುವು ಅನ್ವಯಿಸುವುದೇ ಎಂಬುದು ವಾದಕ್ಕೆ ಆಸ್ಪದವಿರುವ ಪ್ರಶ್ನೆ. ಆ ವಾದಕ್ಕೆ ಎಡೆಗೊಡದೆ ಆರು ತಿಂಗಳೊಳಗೆ ದಾವೆ ಹೂಡುವುದೇ ಜಾಣತನ.

ಗಾಯವಾದಾಗ ಮಾಡಬೇಕಾದುದು

ಮೊದಲು ಚಿಕಿತ್ಸೆ, ಅನಂತರ ಸಾಕ್ಷ್ಯ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಕೂಡಲೇ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳತಕ್ಕದ್ದು:

(ಅ) ಮುರಿದ ಸಲಕರಣೆ ಮತ್ತು ಸ್ಥಳದ ಛಾಯಾಚಿತ್ರವನ್ನು ಅದೇ ದಿನ ತೆಗೆಯಿರಿ. ದುರಸ್ತಿಯಾದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ.

(ಆ) ಕಣ್ಣಾರೆ ಕಂಡವರ ಹೆಸರು, ವಿಳಾಸ ಬರೆದುಕೊಳ್ಳಿರಿ. ಟಿಕೇಟು, ರಸೀತಿ, ವೈದ್ಯರ ಚೀಟಿಗಳನ್ನು ಜೋಪಾನವಾಗಿಡಿರಿ.

(ಇ) ಹೇಗೆ ಗಾಯವಾಯಿತೆಂಬುದನ್ನು ಆಸ್ಪತ್ರೆಯ ದಾಖಲೆಯಲ್ಲಿ ಸರಿಯಾಗಿ ಬರೆಯಿಸಿರಿ. 'ಆಡುವಾಗ ಬಿದ್ದನು' ಎಂಬುದಕ್ಕೂ 'ಉಯ್ಯಾಲೆಯ ಸರಪಳಿ ತುಂಡಾಗಿ ಬಿದ್ದನು' ಎಂಬುದಕ್ಕೂ ಬಹಳ ಅಂತರವಿದೆ.

(ಈ) ತೀವ್ರ ಗಾಯ ಅಥವಾ ಮರಣವಾಗಿದ್ದರೆ ಪೊಲೀಸರಿಗೆ ದೂರು ನೀಡಿ ಪ್ರತಿಯನ್ನು ಪಡೆಯಿರಿ. ಪ್ರತಿ ಉಚಿತ. ದೂರನ್ನು ಸ್ಥಳೀಯ ಭಾಷೆಯಲ್ಲಿ ಬರೆದುಕೊಂಡರೆ, ಅದನ್ನು ಓದಿಸಿ ಅರ್ಥಮಾಡಿಕೊಂಡ ಬಳಿಕವೇ ಸಹಿ ಮಾಡಿರಿ. ಪರರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು.

(ಉ) ಸಲಕರಣೆಯನ್ನು ಕೊನೆಯ ಬಾರಿ ಯಾವಾಗ ತಪಾಸಣೆ ಮಾಡಲಾಯಿತು, ಗುತ್ತಿಗೆ ಯಾರಿಗಿತ್ತು, ಹಿಂದೆ ದೂರುಗಳು ಬಂದಿದ್ದವೇ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ಕೇಳಿರಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು.

ಮಹಿಳೆಯರು, ಮಕ್ಕಳು, ಅನುಸೂಚಿತ ಜಾತಿ ಮತ್ತು ಬುಡಕಟ್ಟುಗಳವರು, ಅಂಗವಿಕಲರು ಹಾಗೂ ನಿಗದಿತ ಆದಾಯಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರು. ದಸ್ತಾವೇಜುಗಳ ಭಾಷಾಂತರಕ್ಕೂ ಈ ನೆರವು ವ್ಯಾಪಿಸುತ್ತದೆ. ಇದಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನಾಗಲಿ, ದೂರವಾಣಿ ಸಂಖ್ಯೆ 15100ನ್ನಾಗಲಿ ಸಂಪರ್ಕಿಸಬಹುದು. ಗ್ರಾಹಕರ ಸಹಾಯವಾಣಿಯ ಸಂಖ್ಯೆ 1915.

ಪುನರಾವಲೋಕನ

ಕೆಳಗಿನ ಮೂರು ಸಂದರ್ಭಗಳನ್ನು ವಿಚಾರಮಾಡಿ ನೋಡಿರಿ. ಪಾಲಿಕೆಯ ಮೈದಾನದಲ್ಲಿ ಕ್ಯಾಚು ಹಿಡಿಯಲು ಓಡಿದ ಇಬ್ಬರು ಯುವಕರು ಡಿಕ್ಕಿಯಾಗಿ ಗಾಯಗೊಂಡರು: ಇದು ಆಟದ ಅಪಾಯ, ಪಾಲಿಕೆ ಹೊಣೆಯಲ್ಲ. ಅದೇ ಓಟದಲ್ಲಿ ಒಬ್ಬನು ಮುಚ್ಚಳವಿಲ್ಲದ ಚರಂಡಿಗುಂಡಿಗೆ ಬಿದ್ದನು: ಇದು ಸ್ಥಳದ ದೋಷ, ಪಾಲಿಕೆ ಉತ್ತರಿಸಬೇಕು. ಜಾರುಬಂಡಿಯ ತಗಡು ಕಿತ್ತುಹೋಗಿದ್ದು, ಹಗ್ಗ ಕಟ್ಟಿ ಬಳಕೆ ನಿಲ್ಲಿಸಿದ್ದರೂ ವಯಸ್ಕನೊಬ್ಬ ಹಗ್ಗ ದಾಟಿ ಏರಿ ಕೈ ಕೊಯ್ದುಕೊಂಡನು: ಆತನಿಗೆ ಪರಿಹಾರ ದೊರೆಯುವುದು ಕಷ್ಟ. ಐದು ವರ್ಷದ ಮಗು ಅದೇ ಹಗ್ಗದ ಕೆಳಗೆ ನುಸುಳಿದ್ದರೆ? ಒಂದು ಹಗ್ಗ ಆ ಮಗುವನ್ನು ತಡೆಯಲು ಸಾಕಾಗಿತ್ತೇ ಎಂದು ನ್ಯಾಯಾಲಯ ಕೇಳುವುದು ನಿಶ್ಚಿತ.

ಪರಿಹಾರದ ಹಣವು ಹೋದ ಪ್ರಾಣವನ್ನು ಮರಳಿ ತರಲಾರದು. ದುರ್ಘಟನೆಗೆ ಮೊದಲೇ ಎಚ್ಚರಗೊಳ್ಳುವುದು ನಾಗರಿಕರಿಗೂ ಆಡಳಿತಕ್ಕೂ ಶ್ರೇಯಸ್ಕರ. ಮುಂದಿನ ಬಾರಿ ಮಗುವಿನೊಂದಿಗೆ ಉದ್ಯಾನಕ್ಕೆ ಹೋದಾಗ ಉಯ್ಯಾಲೆಯ ಕೊಂಡಿಯನ್ನೂ ಕಂಬದ ಬುಡವನ್ನೂ ಒಮ್ಮೆ ಕೈಯಿಂದ ಅಲುಗಿಸಿ ನೋಡಿರಿ. ಸಡಿಲವಾಗಿದ್ದರೆ ಮಗುವನ್ನು ಅಲ್ಲಿಂದ ದೂರವಿರಿಸಿ, ಅಂದೇ ವಾರ್ಡಿನ ಕಚೇರಿಗೆ ನಾಲ್ಕು ಸಾಲಿನ ದೂರು ಬರೆದುಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ. ಮರುದಿನ ಆಡಲು ಬರುವ ಇನ್ನೊಬ್ಬರ ಮಗುವಿಗೂ ಅದು ರಕ್ಷೆಯಾಗುತ್ತದೆ.